ಮಲಪ್ರಭೆ ದಂಡೆಯ ನಾಲ್ಕು ತಾಲೂಕುಗಳಲ್ಲಿ ಅನಿಲ ಇಂಧನ: ಮಾರ್ಪಡಿಸಿದ ಸೂಕ್ಷ್ಮಜೀವಿಗೆ ಇಲ್ಲಿ ಜಾಗ ಎಲ್ಲಿ?

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿಯನ್ನು ಮುಟ್ಟಿ, ಬೈಲಹೊಂಗಲ ಸೀಮೆಯನ್ನು ಹಾದು, ಮುನವಳ್ಳಿಯ ಮಗ್ಗುಲಿಗೆ ಬಂದು, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಅಲ್ಲಿಂದ ರಾಮದುರ್ಗದ ಕಡೆ ಇಳಿಯುತ್ತದೆ. ನೀರು ಸಿಕ್ಕಲ್ಲೆಲ್ಲ ಕಬ್ಬು. ಕಬ್ಬು ಇದ್ದಲ್ಲಿ ಕಾರ್ಖಾನೆ: ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಬೈಲಹೊಂಗಲ ತಾಲೂಕಿನ ಸಿದ್ಧಸಮುದ್ರದಲ್ಲಿ ಸೋಮೇಶ್ವರ ಸಹಕಾರಿ ಕಾರ್ಖಾನೆ, ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್‌ನ ಮೊದಲ ಘಟಕ, ರಾಮದುರ್ಗ ತಾಲೂಕಿನಲ್ಲಿ ಖಾನಪೇಟ ಮತ್ತು ಉದಪುಡಿಯ ಕಾರ್ಖಾನೆಗಳು. ಪ್ರತಿ ಹಂಗಾಮಿನಲ್ಲೂ ಇಲ್ಲಿ ಸಕ್ಕರೆಯ ಜೊತೆಗೆ ಕಬ್ಬಿನ ರಸ ಸೋಸಿ ಉಳಿದ ಮಡ್ಡಿಯಾದ ಪ್ರೆಸ್‌ಮಡ್, ಕಾಕಂಬಿ, ಡಿಸ್ಟಿಲರಿ ಇದ್ದಲ್ಲಿ ಭಟ್ಟಿಯ ಉಳಿಕೆ ದ್ರವವಾದ ಸ್ಪೆಂಟ್‌ವಾಶ್ ಹೊರಬೀಳುತ್ತವೆ. ಹೊಲದಲ್ಲಿ ರವದಿ ಉಳಿಯುತ್ತದೆ, ಕೊಟ್ಟಿಗೆಯಲ್ಲಿ ಶೆಗಣಿ ಬೀಳುತ್ತದೆ. ಇವೆಲ್ಲವೂ ಸೂಕ್ಷ್ಮಜೀವಿಗಳಿಗೆ ಆಹಾರ, ಇವೆಲ್ಲದರಿಂದಲೂ ಉರಿಯುವ ಅನಿಲ ತೆಗೆಯಬಹುದು.

ಈ ಟಿಪ್ಪಣಿ ಎತ್ತಿಕೊಂಡಿರುವ ಪ್ರಶ್ನೆ ಸಣ್ಣದು. ವಂಶವಾಹಿಗಳನ್ನು ಬದಲಿಸಿದ ಸೂಕ್ಷ್ಮಜೀವಿಗಳಿಂದ ಪ್ರೋಪೇನ್, ಬ್ಯೂಟೇನ್, ಜಲಜನಕದಂಥ ಅನಿಲ ಇಂಧನ ಪಡೆಯುವ ಪ್ರಯೋಗಗಳು ಕಳೆದ ಹದಿನೈದು ವರ್ಷಗಳಲ್ಲಿ ಯುರೋಪು, ಅಮೆರಿಕಗಳಲ್ಲಿ ನಡೆದಿವೆ. ಆ ವಿದ್ಯೆಗೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ಈ ನಾಲ್ಕು ತಾಲೂಕುಗಳಲ್ಲಿ ಕೆಲಸ ಇದೆಯೇ? ಇದ್ದರೆ ಯಾವ ತೊಟ್ಟಿಯಲ್ಲಿ, ಯಾವ ಕಚ್ಚಾವಸ್ತುವಿನ ಮೇಲೆ? ಪ್ರಕಟಿತ ಪ್ರಯೋಗಗಳನ್ನೂ ರಸಾಯನಶಾಸ್ತ್ರದ ಸಾಮಾನ್ಯ ಲೆಕ್ಕವನ್ನೂ ಈ ಸೀಮೆಯ ಪರಿಸ್ಥಿತಿಯ ಪಕ್ಕದಲ್ಲಿಟ್ಟು ನೋಡಿದ್ದೇನೆ. ಶೆಗಣಿ ಗುಂಡಿಯಲ್ಲಿ ಈ ವಿದ್ಯೆಗೆ ಕೆಲಸವಿಲ್ಲ, ಸಕ್ಕರೆಯ ಮೇಲೆ ಅದನ್ನು ಹೂಡುವುದು ತಪ್ಪು, ಪ್ರೆಸ್‌ಮಡ್ ಹುಳಿಯುವ ಒಂದು ಹಂತದಲ್ಲಿ ಮಾತ್ರ ಅದಕ್ಕೆ ನಿಜವಾದ ಅವಕಾಶ ಇರಬಹುದು ಎಂಬುದು ನನ್ನ ಅಭಿಪ್ರಾಯ.

ಮೊದಲು ಗುಂಡಿಯ ವಿಷಯ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಕೆಲಸ ಮಾಡುವುದು ಒಂದೇ ಜೀವಿಯಲ್ಲ. ನಾರನ್ನು ಒಡೆಯುವ ಬ್ಯಾಕ್ಟೀರಿಯಾಗಳ ಒಂದು ತಂಡವಿದೆ. ಒಡೆದ ಸಕ್ಕರೆಯನ್ನು ಅಸಿಟಿಕ್, ಪ್ರೊಪಿಯೋನಿಕ್, ಬ್ಯೂಟಿರಿಕ್ ಆಮ್ಲಗಳಾಗಿ ಹುಳಿಸುವ ತಂಡ ಇನ್ನೊಂದು. ಆ ಆಮ್ಲಗಳನ್ನು ಅಸಿಟೇಟ್ ಮತ್ತು ಜಲಜನಕವಾಗಿ ಸೀಳುವ ತಂಡ ಮೂರನೆಯದು. ಕೊನೆಗೆ ಅಸಿಟೇಟನ್ನು, ಜಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನು ಮೀಥೇನ್ ಮಾಡುವ ಜೀವಿಗಳು ಬರುತ್ತವೆ. ಈ ಕೊನೆಯವು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆಯೇ ವಂಶ ಎಂದು ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ತೋರಿಸಿದರು.

ಈ ಒಕ್ಕೂಟದ ಬಿಗಿ ಎಷ್ಟು ಎಂಬುದಕ್ಕೆ 1967ರ ಒಂದು ಶೋಧ ಸಾಕ್ಷಿ. ಅದುವರೆಗೆ ಆಲ್ಕೋಹಾಲಿನಿಂದ ಮೀಥೇನ್ ಮಾಡುವ ಒಂದೇ ಜೀವಿ ಎಂದು ಪ್ರಯೋಗಾಲಯಗಳು ದಶಕಗಳಿಂದ ಸಾಕಿಕೊಂಡು ಬಂದಿದ್ದ ಮೀಥನೋಬ್ಯಾಸಿಲಸ್ ಒಮೆಲಿಯಾನ್ಸ್ಕಿಯನ್ನು ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ಬಿಡಿಸಿ ನೋಡಿದಾಗ, ಅದು ಎರಡು ಜೀವಿಗಳ ಕೂಟವೆಂದು ತಿಳಿಯಿತು. ಒಂದು ಜಲಜನಕ ಬಿಡುತ್ತಿತ್ತು, ಇನ್ನೊಂದು ಅದನ್ನು ಆ ಕ್ಷಣವೇ ನುಂಗುತ್ತಿತ್ತು. ನುಂಗುವವನಿಲ್ಲದಿದ್ದರೆ ಬಿಡುವವನ ಬದುಕೂ ನಿಲ್ಲುತ್ತದೆ. ಬ್ಯೂಟಿರಿಕ್ ಆಮ್ಲವನ್ನು ಸೀಳುವ ಸಿಂಟ್ರೊಫೊಮೊನಾಸ್‌ನದೂ ಇದೇ ಕತೆ. ಜಲಜನಕದ ಒತ್ತಡ ವಾತಾವರಣದ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಕೆಳಗಿದ್ದರೆ ಮಾತ್ರ ಆ ಕ್ರಿಯೆಯಿಂದ ಅದಕ್ಕೆ ಶಕ್ತಿ ಸಿಗುತ್ತದೆ. ಜಲಜನಕ ತುಸು ಹೆಚ್ಚಿದರೂ ಬ್ಯೂಟಿರಿಕ್ ಆಮ್ಲ ಹಾಗೇ ಉಳಿದುಬಿಡುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಈ ಒಕ್ಕೂಟದ ದಕ್ಷತೆಯನ್ನು ಲೆಕ್ಕದಲ್ಲಿ ನೋಡೋಣ. 180 ಗ್ರಾಂ ಗ್ಲುಕೋಸ್ ಸಂಪೂರ್ಣ ಮೀಥೇನಾದರೆ 48 ಗ್ರಾಂ ಮೀಥೇನ್ ಸಿಗುತ್ತದೆ, ಗ್ಲುಕೋಸಿನಲ್ಲಿದ್ದ ದಹನಶಕ್ತಿಯ ಸುಮಾರು 95 ಪ್ರತಿಶತ ಆ ಅನಿಲದಲ್ಲಿ ಉಳಿಯುತ್ತದೆ. ಅಂದರೆ ಗುಂಡಿಯೊಳಗಿನ ಜೀವಿಗಳು ತಮ್ಮ ಬದುಕಿಗೆಂದು ಇಟ್ಟುಕೊಳ್ಳುವುದು ತೀರ ಕಡಿಮೆ. ಇಷ್ಟರ ಮೇಲೆ ವಂಶವಾಹಿ ತಿದ್ದಿ ಗಳಿಸುವುದಕ್ಕೆ ಏನೂ ಉಳಿದಿಲ್ಲ. ಗುಂಡಿಯ ಕೊರತೆ ಇರುವುದು ಬೇರೆ ಕಡೆ. ಶೆಗಣಿ ಎಂದರೆ ಎತ್ತು ಎಮ್ಮೆಗಳ ಹೊಟ್ಟೆ ಒಮ್ಮೆ ಜರಡಿ ಹಿಡಿದು ಬಿಟ್ಟ ನಾರು. ಸುಲಭವಾಗಿ ಕರಗುವುದೆಲ್ಲ ಹೊಟ್ಟೆಯಲ್ಲೇ ಕರಗಿ, ಲಿಗ್ನಿನ್ ಹಿಡಿದ ಗಟ್ಟಿ ಭಾಗ ಗುಂಡಿಗೆ ಬರುತ್ತದೆ. ಡಿಸೆಂಬರ್ ಜನವರಿಯ ಚಳಿಗೆ ಆ ಕೆಲಸ ಇನ್ನಷ್ಟು ನಿಧಾನವಾಗುತ್ತದೆ. ಅಲ್ಲಿ ಕಿಣ್ವಗಳಿಗೆ, ಮುಂಚಿತವಾಗಿ ನೆನೆಸುವ ವಿಧಾನಗಳಿಗೆ, ಬೆಚ್ಚಗಿಡುವ ಕಟ್ಟೋಣಕ್ಕೆ ಕೆಲಸವಿದೆ.

ಕಾನೂನಿನ ಮಾತೂ ಇದೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳು ತಳಿ ಮಾರ್ಪಡಿಸಿದ ಸೂಕ್ಷ್ಮಜೀವಿಗಳ ಬಳಕೆ, ಸಂಗ್ರಹ, ಬಿಡುಗಡೆ ಎಲ್ಲಕ್ಕೂ ಅನುಮತಿ ಬೇಕೆನ್ನುತ್ತವೆ. ಗುಂಡಿಯಿಂದ ಹೊರಬರುವ ಬಗ್ಗಡ ನೇರ ಹೊಲಕ್ಕೆ ಹೋಗುತ್ತದೆ, ಹೋಗಲೇಬೇಕು, ಏಕೆಂದರೆ ರೈತನಿಗೆ ಅನಿಲದಷ್ಟೇ ಆ ಗೊಬ್ಬರವೂ ಮುಖ್ಯ. ಆದ್ದರಿಂದ ಗುಂಡಿಗೆ ಹಾಕುವ ಯಾವ ಮಾರ್ಪಡಿಸಿದ ಜೀವಿಯೂ ಹೊಲಕ್ಕೆ ಬಿಟ್ಟ ಜೀವಿಯೇ. ಅಷ್ಟು ದೊಡ್ಡ ಜವಾಬ್ದಾರಿಯನ್ನು ಅಷ್ಟು ಸಣ್ಣ ಲಾಭಕ್ಕೆ ಹೊರುವುದು ಸರಿಯಲ್ಲ.

ಕರ್ನಾಟಕದ ಅನುಭವವೂ ಇದನ್ನೇ ಹೇಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ ಖಾದಿ ಆಯೋಗದ ಮಾದರಿಯ ಗುಂಡಿಯನ್ನು ಅಳೆದು, ಅದರ ಆಕಾರ ತಿದ್ದಿ ಖರ್ಚು ಇಳಿಸಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೊಂದು ಸಮುದಾಯ ಸ್ಥಾವರ ಕಟ್ಟಿದಾಗ ಮೊದಲಿದ್ದ ಯೋಜನೆ ಅಡುಗೆ ಅನಿಲದ್ದು. ಸಿಗುವ ಶೆಗಣಿ ಎಲ್ಲ ಮನೆಗಳ ಅಡುಗೆಗೆ ಸಾಲಲಿಲ್ಲ. ಆಗ ಅದೇ ಅನಿಲದಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಮತ್ತು ದೀಪಕ್ಕೆ ಬಳಸಿದರು, ಆ ವ್ಯವಸ್ಥೆ ನಡೆಯಿತು. ಶಿರಸಿ ತಾಲೂಕಿನ ಗೋಬರ್ ಗ್ಯಾಸ್ ಸ್ಥಾವರಗಳನ್ನು ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ ಮತ್ತು ಎನ್.ಎಚ್. ರವೀಂದ್ರನಾಥ್ ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಬರಹವಂತೂ ಈ ಕ್ಷೇತ್ರದವರೆಲ್ಲ ಓದಬೇಕಾದದ್ದು. ದೇಶದ ಬೇರೆಡೆ ಗುಂಡಿಗಳು ಪಾಳು ಬಿದ್ದ ಕತೆಗಳ ನಡುವೆ ಶಿರಸಿಯವು ಚೆನ್ನಾಗಿ ನಡೆಯುತ್ತಿದ್ದವು. ಕಟ್ಟಿಕೊಟ್ಟವರೇ ಹೊಣೆ ಹೊತ್ತು ದುರಸ್ತಿಗೆ ಬರುತ್ತಿದ್ದದ್ದು ಅದಕ್ಕೆ ಒಂದು ದೊಡ್ಡ ಕಾರಣ. ಎರಡೂ ಕಡೆ ಫಲಿತಾಂಶವನ್ನು ನಿರ್ಧರಿಸಿದ್ದು ಶೆಗಣಿಯ ತೂಕ ಮತ್ತು ಮೇಸ್ತ್ರಿಯ ನಿಷ್ಠೆ.

ಶೆಗಣಿಯ ತೂಕದ ಲೆಕ್ಕ ಹೀಗೆ. ಸಾಮಾನ್ಯವಾಗಿ 25 ಕೆ.ಜಿ. ಶೆಗಣಿಗೆ ಒಂದು ಘನಮೀಟರ್ ಅನಿಲ, ಒಂದು ಘನಮೀಟರ್ ಅನಿಲ 0.43 ಕೆ.ಜಿ. ಎಲ್‌ಪಿಜಿಯ ಸಮ ಎನ್ನುತ್ತಾರೆ. ಹಾಗಾದರೆ 14.2 ಕೆ.ಜಿ. ತೂಕದ ಒಂದು ಮನೆ ಸಿಲಿಂಡರಿಗೆ 33 ಘನಮೀಟರ್ ಅನಿಲ, ಸುಮಾರು 825 ಕೆ.ಜಿ. ಶೆಗಣಿ ಬೇಕು. ನಾಲ್ಕು ದನಗಳಿರುವ ಮನೆಯಲ್ಲಿ ದಿನಕ್ಕೆ 40 ಕೆ.ಜಿ. ಶೆಗಣಿ ಸಿಕ್ಕರೆ ಮೂರು ವಾರಕ್ಕೆ ಒಂದು ಸಿಲಿಂಡರಿನ ಉರಿ ಮನೆಯಲ್ಲೇ ಸಿಗುತ್ತದೆ. ಕುಳ್ಳು ತಟ್ಟಿ ಹೊಗೆಯಲ್ಲಿ ಸುಡುವುದಕ್ಕಿಂತ ಇದು ಎಷ್ಟೋ ಮೇಲು, ಗೊಬ್ಬರವೂ ಉಳಿಯುತ್ತದೆ. ಇದಕ್ಕೆ ಯಾವ ಹೊಸ ಜೀವಿಯೂ ಬೇಡ. ಆದರೆ ದಿನವೂ ತಪ್ಪದೆ ಉಣಿಸಬೇಕು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಚಕ್ಕಡಿ ಕಟ್ಟಿಕೊಂಡು ಬರುವ ಎತ್ತುಗಳ ಶೆಗಣಿಯಿಂದ ಸ್ಥಾವರ ನಡೆಸಬಹುದಲ್ಲ ಎಂಬ ಮಾತು ಕೇಳಲು ಚೆನ್ನ. ಕೆಲವೇ ದಿನ ಹೊಟ್ಟೆ ಬಿರಿಯೆ ಉಂಡು ತಿಂಗಳುಗಟ್ಟಲೆ ಉಪವಾಸ ಬೀಳುವ ಗುಂಡಿಯಲ್ಲಿ ಮೀಥೇನ್ ಜೀವಿಗಳ ಸಮುದಾಯ ನೆಲೆ ನಿಲ್ಲುವುದಿಲ್ಲ.

ಇನ್ನು ಮಾರ್ಪಡಿಸಿದ ಜೀವಿಗಳ ಕಡೆ ಬರೋಣ. ಎಂಜಿನಿಯರುಗಳನ್ನು ಅನಿಲ ಇಂಧನಗಳು ಸೆಳೆದದ್ದಕ್ಕೆ ಒಳ್ಳೆಯ ಕಾರಣವಿದೆ. ಎಥನಾಲ್ ನೀರಿನಲ್ಲಿ ಬೆರೆತು ಉಳಿಯುತ್ತದೆ, ಹೆಚ್ಚಾದರೆ ಯೀಸ್ಟನ್ನೇ ಕೊಲ್ಲುತ್ತದೆ, ಅದನ್ನು ಬೇರ್ಪಡಿಸಲು ಹಬೆ ಸುಟ್ಟು ಭಟ್ಟಿ ಇಳಿಸಬೇಕು. ಅನಿಲವಾದರೆ ಹುಟ್ಟಿದ ಕೂಡಲೇ ತಾನೇ ಮೇಲೆದ್ದು ಹೊರಡುತ್ತದೆ. ಅದರಲ್ಲೂ ಪ್ರೋಪೇನಿಗೆ ಇನ್ನೊಂದು ಗುಣವಿದೆ. ಮೀಥೇನನ್ನು ಕೋಣೆಯ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗದು, ಮೈನಸ್ 82 ಡಿಗ್ರಿಗಿಂತ ಕೆಳಗೆ ತಣಿಸಲೇಬೇಕು. ಪ್ರೋಪೇನ್ 25 ಡಿಗ್ರಿಯಲ್ಲಿ ವಾತಾವರಣದ ಸುಮಾರು ಒಂಬತ್ತೂವರೆ ಪಟ್ಟು ಒತ್ತಡಕ್ಕೆ ದ್ರವವಾಗಿ ಸಿಲಿಂಡರಿನಲ್ಲಿ ಕೂರುತ್ತದೆ. ಕಿತ್ತೂರಿನ ಯಾವುದೋ ಹಳ್ಳಿಯ ಅಡುಗೆಮನೆಯ ಒಲೆ, ರೆಗ್ಯುಲೇಟರ್, ಸಿಲಿಂಡರ್ ತರುವ ಗಾಡಿ ಎಲ್ಲವೂ ಈ ಅನಿಲಕ್ಕೆ ಈಗಾಗಲೇ ಸಿದ್ಧವಾಗಿವೆ. ದೇಶ ಉರಿಸುವ ಎಲ್‌ಪಿಜಿಯಲ್ಲಿ ಸುಮಾರು 60 ಪ್ರತಿಶತ ಹೊರದೇಶದಿಂದ ಬರುತ್ತಿರುವಾಗ ಈ ಆಸೆ ಸಹಜವಾದದ್ದೇ.

ಪ್ರಕೃತಿಯಲ್ಲಿ ಪ್ರೋಪೇನನ್ನು ಕೈತುಂಬ ಮಾಡುವ ಜೀವಿ ಇಲ್ಲ. 2014ರಲ್ಲಿ ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಇ. ಕೋಲಿಯಲ್ಲಿ ಅಂಥದೊಂದು ದಾರಿ ಕಟ್ಟಿತು. ದಾರಿಯ ತುಂಡುಗಳು ಬೇರೆ ಬೇರೆ ಜೀವಿಗಳಿಂದ ಬಂದವು. ಕರುಳಿನ ಬ್ಯಾಕ್ಟೆರಾಯ್ಡಿಸ್ ಫ್ರಾಜಿಲಿಸ್‌ನ ಕಿಣ್ವವೊಂದು ಕೊಬ್ಬಿನಾಮ್ಲದ ಸರಪಳಿಯನ್ನು ನಾಲ್ಕೇ ಇಂಗಾಲಕ್ಕೆ ಕತ್ತರಿಸಿ ಬ್ಯೂಟಿರಿಕ್ ಆಮ್ಲ ಮಾಡುತ್ತದೆ. ಮೀನುಗಳಿಗೆ ರೋಗ ತರುವ ಮೈಕೋಬ್ಯಾಕ್ಟೀರಿಯಂ ಮರಿನಂನ ಕಿಣ್ವ ಅದನ್ನು ಬ್ಯೂಟಿರಾಲ್ಡಿಹೈಡ್ ಮಾಡುತ್ತದೆ. ಸಾಗರದ ಪ್ರೊಕ್ಲೊರೊಕಾಕಸ್‌ನ ಕಿಣ್ವ ಕೊನೆಯ ಇಂಗಾಲವನ್ನು ಕಳಚಿ ಪ್ರೋಪೇನನ್ನು ಬಿಡುತ್ತದೆ. ಇ. ಕೋಲಿ ತನ್ನದೇ ಕಿಣ್ವಗಳಿಂದ ಆಲ್ಡಿಹೈಡನ್ನು ಬ್ಯೂಟನಾಲಿಗೆ ತಿರುಗಿಸಿಕೊಳ್ಳುತ್ತಿದ್ದುದರಿಂದ ಆ ವಂಶವಾಹಿಗಳನ್ನು ತೆಗೆಯಬೇಕಾಯಿತು, ಎಲೆಕ್ಟ್ರಾನ್ ಒದಗಿಸುವ ಇನ್ನೊಂದು ಜೋಡಣೆ ಸೇರಿಸಬೇಕಾಯಿತು. ಬಹಳ ಚೆಂದದ ಕೆಲಸ. ಆದರೆ ಸಿಕ್ಕಿದ್ದು ಲೀಟರಿಗೆ ಮೂವತ್ತು ಮಿಲಿಗ್ರಾಂ ಆಸುಪಾಸು. ಆ ದರದಲ್ಲಿ ಒಂದು ಸಿಲಿಂಡರ್ ತುಂಬಲು ಸುಮಾರು 4.7 ಲಕ್ಷ ಲೀಟರ್ ದ್ರಾವಣ ಬೇಕು.

ಕಡಿಮೆ ಇಳುವರಿಗೆ ಮುಖ್ಯ ಕಾರಣ ಆ ಕೊನೆಯ ಕಿಣ್ವ. ಅದರ ಒಂದು ಅಣು ನಿಮಿಷಕ್ಕೆ ಹೆಚ್ಚೆಂದರೆ ಒಂದು ಸಲ ಕೆಲಸ ಮುಗಿಸುತ್ತದೆ. ಮೇಲಾಗಿ ಅದಕ್ಕೆ ಆಮ್ಲಜನಕ ಬೇಕು, ಆದ್ದರಿಂದ ತೊಟ್ಟಿಗೆ ಗಾಳಿ ಊದಬೇಕು, ಪ್ರೋಪೇನ್ ಆ ಗಾಳಿಯಲ್ಲೇ ಬೆರೆತು ಹೊರಬರುತ್ತದೆ. ಗಾಳಿಯಲ್ಲಿ ಪ್ರೋಪೇನ್ 2ರಿಂದ 9.5 ಪ್ರತಿಶತದ ನಡುವೆ ಇದ್ದರೆ ಕಿಡಿ ತಗುಲಿದಾಗ ಸ್ಫೋಟ. ಇಳುವರಿ ಹೆಚ್ಚಿದಷ್ಟೂ ಮಿಶ್ರಣ ಆ ಅಪಾಯದ ಪಟ್ಟಿಯೊಳಗೆ ಬರುತ್ತದೆ. ಬಗಾಸಿನ ರಾಶಿ, ಬಾಯ್ಲರ್, ಆಲ್ಕೋಹಾಲ್ ಟ್ಯಾಂಕುಗಳ ನಡುವೆ ಇಂಥ ತೊಟ್ಟಿಯನ್ನು ಕೂರಿಸಲು ನಾನು ಯಾರಿಗೂ ಸಲಹೆ ಕೊಡಲಾರೆ.

2017ರಲ್ಲಿ ಫ್ರಾನ್ಸಿನ ಸಂಶೋಧಕರು ಕ್ಲೋರೆಲ್ಲಾ ಪಾಚಿಯಲ್ಲಿ ಹೊಸ ಕಿಣ್ವವೊಂದನ್ನು ಕಂಡರು. ನೀಲಿ ಬೆಳಕು ಬಿದ್ದರೆ ಅದು ಕೊಬ್ಬಿನಾಮ್ಲದಿಂದ ಇಂಗಾಲದ ಡೈಆಕ್ಸೈಡನ್ನು ನೇರ ಕಳಚುತ್ತದೆ. ಆಮ್ಲಜನಕ ಬೇಡ, ಎಲೆಕ್ಟ್ರಾನ್ ಜೋಡಣೆಯೂ ಬೇಡ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ನೈಜೆಲ್ ಸ್ಕ್ರಟನ್ ಅವರ ಗುಂಪು ಈ ಕಿಣ್ವದ ಒಂದು ಅಮೈನೋ ಆಮ್ಲ ಬದಲಿಸಿ, ಸಣ್ಣ ಆಮ್ಲಗಳಿಗೆ ಅದನ್ನು ಒಗ್ಗಿಸಿತು. ಬ್ಯೂಟಿರಿಕ್ ಆಮ್ಲ ಕೊಟ್ಟರೆ ಪ್ರೋಪೇನ್. ವ್ಯಾಲೀನ್, ಲ್ಯೂಸೀನ್, ಐಸೊಲ್ಯೂಸೀನ್ ಎಂಬ ಅಮೈನೋ ಆಮ್ಲಗಳ ದಾರಿಯಿಂದ ಹೋದರೆ ಪ್ರೋಪೇನ್, ಐಸೊಬ್ಯೂಟೇನ್, ಬ್ಯೂಟೇನ್‌ಗಳನ್ನು ಬೇಕಾದ ಹದದಲ್ಲಿ ಬೆರೆಸಿ ಪಡೆಯಬಹುದು ಎಂದು 2020ರಲ್ಲಿ ತೋರಿಸಿತು. ನಮಗೆ ಈ ಹದ ಬೇಕೇ ಬೇಕು. ರಾಮದುರ್ಗದ ಬೇಸಿಗೆಯ 40 ಡಿಗ್ರಿಯಲ್ಲಿ ಶುದ್ಧ ಪ್ರೋಪೇನಿನ ಆವಿಯೊತ್ತಡ ವಾತಾವರಣದ ಹದಿಮೂರು ಪಟ್ಟು ದಾಟುತ್ತದೆ, ಬ್ಯೂಟೇನಿನದು ನಾಲ್ಕು ಪಟ್ಟಿನೊಳಗಿರುತ್ತದೆ. ಮನೆ ಸಿಲಿಂಡರಿನಲ್ಲಿ ಎರಡರ ಮಿಶ್ರಣ ಇರುವುದಕ್ಕೆ ಇದೂ ಕಾರಣ.

ಸರಿ, ಕಚ್ಚಾವಸ್ತು ಯಾವುದು? ಕಬ್ಬಿನ ನಾಡಿನಲ್ಲಿ ಮೊದಲು ಕಣ್ಣು ಹೋಗುವುದು ಸಕ್ಕರೆಯ ಕಡೆ. ಒಂದು ಗ್ಲುಕೋಸ್ ಅಣುವಿನಿಂದ ಈ ದಾರಿಯಲ್ಲಿ ಒಂದು ಪ್ರೋಪೇನ್ ಅಣು, ಅಂದರೆ 180 ಗ್ರಾಂ ಗ್ಲುಕೋಸಿಗೆ 44 ಗ್ರಾಂ. ಕಬ್ಬಿನ ಸಕ್ಕರೆಗೆ ತಿರುಗಿಸಿದರೆ ಒಂದು ಸಿಲಿಂಡರಿಗೆ 55 ಕೆ.ಜಿ. ಸಕ್ಕರೆ. ಜೀವಿ ತಾನೇನೂ ತಿನ್ನದೆ, ಒಂದು ಗುಲಗಂಜಿಯೂ ಸೋರದೆ ಕೆಲಸ ಮಾಡಿದರೆ ಸಿಗುವ ಲೆಕ್ಕ ಇದು. ಹತ್ತು ಪ್ರತಿಶತ ರಿಕವರಿ ಎಂದುಕೊಂಡರೆ 550 ಕೆ.ಜಿ. ಕಬ್ಬು. ಸಕ್ಕರೆಗೆ 2019ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಮಾರಾಟ ದರ ಕೆ.ಜಿ.ಗೆ 31 ರೂಪಾಯಿ, ಆ ದರದಲ್ಲೇ ಸಕ್ಕರೆಯ ಬೆಲೆ 1,705 ರೂಪಾಯಿ. 2025ರ ಏಪ್ರಿಲ್ ಏರಿಕೆಯ ನಂತರ ದಿಲ್ಲಿಯಲ್ಲಿ ಸಬ್ಸಿಡಿ ಇಲ್ಲದ ಸಿಲಿಂಡರಿಗೆ 853 ರೂಪಾಯಿ ಇತ್ತು. ಕಚ್ಚಾವಸ್ತುವೇ ಸರಕಿನ ಎರಡು ಪಟ್ಟು ತುಟ್ಟಿ. ಎಂಥ ಚತುರ ಜೀವಿಯನ್ನು ಕಟ್ಟಿದರೂ ಈ ಅಂತರ ಮುಚ್ಚದು, ಏಕೆಂದರೆ ಇದು ಅಣುಗಳ ಲೆಕ್ಕ.

ಬೆಲೆಗಿಂತ ನನ್ನನ್ನು ಹೆಚ್ಚು ಕಾಡುವುದು ನೀರು. ನವಿಲುತೀರ್ಥದ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಕುಡಿಯುವ ನೀರಿಗೂ ಜೋಳ, ಕಡಲೆ, ಹತ್ತಿಯ ಹೊಲಗಳಿಗೂ ಆಸರೆಯಾದ ಆ ಜಲಾಶಯ ಎಲ್ಲ ವರ್ಷವೂ ತುಂಬುವುದಿಲ್ಲ. ವರ್ಷಪೂರ್ತಿ ನೀರು ಕುಡಿಯುವ ಬೆಳೆಯ ಸಾರವನ್ನು ಒಲೆಗೆ ಹಾಕಲು ಇಲ್ಲಿ ನೀರಿಲ್ಲ. ಹೀಗಾಗಿ ಉಳಿಕೆಯ ವಸ್ತು ಮಾತ್ರ ಈ ಚರ್ಚೆಗೆ ಅರ್ಹ.

ಉಳಿಕೆಗಳಲ್ಲಿ ಪ್ರೆಸ್‌ಮಡ್ ಈಗಾಗಲೇ ಅನಿಲದ ಕಡೆ ಹೊರಳಿದೆ. ನುರಿಸಿದ ಕಬ್ಬಿನ ತೂಕದಲ್ಲಿ ಮೂರು ನಾಲ್ಕು ಪ್ರತಿಶತ ಪ್ರೆಸ್‌ಮಡ್ ಬರುತ್ತದೆ. ಸುಮಾರು 25 ಟನ್ನಿಗೆ ಒಂದು ಟನ್ ಸಂಕುಚಿತ ಜೈವಿಕ ಅನಿಲ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಯನ್ನು ಉದಾಹರಣೆಗೆ ಹಿಡಿದರೆ 175 ಟನ್ ಪ್ರೆಸ್‌ಮಡ್, ಅದರಿಂದ ಏಳು ಟನ್ ಅನಿಲ, ಉರಿಯ ಲೆಕ್ಕದಲ್ಲಿ ದಿನಕ್ಕೆ ಐನೂರರ ಹತ್ತಿರ ಸಿಲಿಂಡರು. 2018ರ ಅಕ್ಟೋಬರಿನಲ್ಲಿ ಆರಂಭವಾದ ಸತತ್ ಯೋಜನೆ ಈ ಅನಿಲಕ್ಕೆ ಕೊಳ್ಳುವವರನ್ನು ಕೊಟ್ಟಿತು. ನಗರ ಅನಿಲ ವಿತರಕರು 2025-26ರಲ್ಲಿ ಒಂದು ಪ್ರತಿಶತದಿಂದ ಆರಂಭಿಸಿ 2028-29ರ ಹೊತ್ತಿಗೆ ಐದು ಪ್ರತಿಶತ ಬೆರೆಸಬೇಕೆಂಬ ಕಟ್ಟಳೆಯೂ ಬಂದಿದೆ. ಭಾರತೀಯ ಮಾನಕದ ಪ್ರಕಾರ ಆ ಅನಿಲದಲ್ಲಿ ಕನಿಷ್ಠ 90 ಪ್ರತಿಶತ ಮೀಥೇನ್ ಇರಬೇಕು. ಪ್ರೆಸ್‌ಮಡ್ ಹೊಲಕ್ಕೆ ಬೇಕಾದ ಗೊಬ್ಬರ, ಅದನ್ನು ಕಸಿದುಕೊಳ್ಳುತ್ತಾರೆಂಬ ರೈತರ ಆತಂಕಕ್ಕೆ ಆಧಾರವಿದೆ. ಆದರೆ ಅನಿಲವಾಗಿ ಹೋಗುವುದು ಹೆಚ್ಚಾಗಿ ಇಂಗಾಲ, ಸಾರಜನಕ ರಂಜಕಗಳು ಉಳಿಕೆಯಲ್ಲೇ ಇರುತ್ತವೆ. ಆ ಉಳಿಕೆ ಕಬ್ಬು ಕೊಟ್ಟವರ ಹೊಲಕ್ಕೇ ಮರಳಬೇಕು. ಈ ಷರತ್ತನ್ನು ಕಾಗದದ ಮೇಲೆ ಬರೆದುಕೊಳ್ಳದ ಯಾವ ಸ್ಥಾವರಕ್ಕೂ ಪ್ರೆಸ್‌ಮಡ್ ಕೊಡಬಾರದು.

ಹಂಗಾಮು ಅಕ್ಟೋಬರ್ ನವೆಂಬರಿನಿಂದ ಮಾರ್ಚಿನ ಆಸುಪಾಸಿನವರೆಗೆ. ಉಳಿದ ತಿಂಗಳಿಗೆಂದು ಒಟ್ಟಿದ ಪ್ರೆಸ್‌ಮಡ್ ರಾಶಿ ಒಳಗೇ ಕಾಯುತ್ತದೆ, ಅದರ ಸಾರ ಗಾಳಿಗೆ ಹೋಗುತ್ತದೆ. ಹುಳಿಸುವ ಹಂತವನ್ನು ಬೇರೆ ಮಾಡುವ ವಿಚಾರ ಇಲ್ಲಿ ಅರ್ಥ ಪಡೆಯುತ್ತದೆ. ಮೊದಲೇ ಹೇಳಿದಂತೆ ಜಲಜನಕ ನುಂಗುವ ಜೀವಿಗಳು ಕೆಲಸ ಮಾಡದಿದ್ದರೆ ಬ್ಯೂಟಿರಿಕ್ ಆಮ್ಲ ಶೇಖರವಾಗುತ್ತದೆ. ತೊಟ್ಟಿಯ ಪಿಎಚ್ ಐದೂವರೆಯ ಹತ್ತಿರ ಇಟ್ಟರೆ ಮೀಥೇನ್ ಜೀವಿಗಳು ತಾವಾಗಿ ಸುಮ್ಮನಾಗುತ್ತವೆ. ಗುಂಡಿಗೆ ಅನ್ನ ಸಾರು ಹೆಚ್ಚು ಸುರಿದಾಗ ಅನಿಲ ನಿಂತು ಹಳಸಿದ ಬೆಣ್ಣೆಯ ವಾಸನೆ ಬರುವುದು ಇದೇ ಕ್ರಿಯೆ. ಊರಿನ ಅನುಭವದಲ್ಲಿ ದೋಷ ಎನಿಸಿಕೊಂಡದ್ದನ್ನು ಇಲ್ಲಿ ಬೇಕೆಂದೇ ಮಾಡುವುದು. ಇದಕ್ಕೆ ಮಾರ್ಪಡಿಸಿದ ಜೀವಿ ಬೇಡ, ಶುದ್ಧ ತೊಟ್ಟಿಯೂ ಬೇಡ. ಆಮ್ಲವನ್ನು ಸೋಸಿ ಪಕ್ಕದ ಮುಚ್ಚಿದ ತೊಟ್ಟಿಗೆ ಕೊಟ್ಟರೆ, ಬೆಳಕಿನ ಕಿಣ್ವ ಹೊತ್ತ ಜೀವಿ ಅದರ ಇಂಗಾಲವೊಂದನ್ನು ಕಳಚಿ ಪ್ರೋಪೇನ್ ಬಿಡುತ್ತದೆ. ಉಳಿದ ಗಸಿ ಮೀಥೇನ್ ತೊಟ್ಟಿಗೆ ಹೋಗಲಿ. ಶಕ್ತಿಯ ಲೆಕ್ಕವೂ ಒಪ್ಪುವಂತಿದೆ. ಗ್ಲುಕೋಸಿನಿಂದ ಬ್ಯೂಟಿರಿಕ್ ಆಮ್ಲ ಆಗುವಾಗ ಎರಡು ಜಲಜನಕ ಅಣುಗಳೂ ಬರುತ್ತವೆ. ಪ್ರೋಪೇನಿನಲ್ಲಿ ಗ್ಲುಕೋಸಿನ ಶಕ್ತಿಯ 79 ಪ್ರತಿಶತ, ಆ ಜಲಜನಕದಲ್ಲಿ ಇನ್ನೊಂದು 20 ಪ್ರತಿಶತ. ಜಲಜನಕವನ್ನಷ್ಟೇ ನೆಚ್ಚಿಕೊಂಡ ಹುದುಗುವಿಕೆಗಳು ಗ್ಲುಕೋಸಿಗೆ ನಾಲ್ಕು ಅಣುವಿನ ಮಿತಿ ದಾಟಲಾರವು, ಅದು 41 ಪ್ರತಿಶತ ಮಾತ್ರ. ಆ ದಾರಿಯನ್ನು ಇಲ್ಲಿಗೇ ಬಿಡುತ್ತೇನೆ.

ಹುಳಿ ತಿಳಿಯಿಂದ ಪ್ರೋಪೇನ್ ತೆಗೆಯುವ ಈ ದಾರಿಗೆ ಈ ಸೀಮೆಯಲ್ಲಿ ಎರಡು ಅಡ್ಡಿಗಳಿವೆ. ಒಂದು ಬಣ್ಣ. ಸ್ಪೆಂಟ್‌ವಾಶ್ ಕಡು ಕಂದು ದ್ರವ, ಅದರ ಬಣ್ಣಕ್ಕೆ ಕಾರಣ ಮೆಲನಾಯ್ಡಿನ್. ಆ ವಸ್ತು ಹೀರುವುದು ನೀಲಿ ಬೆಳಕನ್ನೇ. ಕಿಣ್ವಕ್ಕೆ ಬೇಕಾದದ್ದೂ ನೀಲಿ ಬೆಳಕೇ. ಸವದತ್ತಿಯ ಬಿಸಿಲು ಎಷ್ಟೇ ಧಾರಾಳವಾಗಿದ್ದರೂ ಆ ದ್ರವದಲ್ಲಿ ಬೆಳಕು ಮೇಲ್ಪದರ ದಾಟುವುದಿಲ್ಲ. ಇತ್ತೀಚೆಗೆ ಅನೇಕ ಡಿಸ್ಟಿಲರಿಗಳು ಸ್ಪೆಂಟ್‌ವಾಶನ್ನು ಇಂಗಿಸಿ ಬಾಯ್ಲರಿನಲ್ಲಿ ಸುಡುತ್ತಿವೆ. ಅದರಲ್ಲಿನ ಸಲ್ಫೇಟ್ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡಾಗುವ ತೊಂದರೆ ಬೇರೆ. ಹಾಗಾಗಿ ಸ್ಪೆಂಟ್‌ವಾಶನ್ನು ಈ ಯೋಜನೆಯಿಂದ ಹೊರಗಿಡುವುದೇ ಲೇಸು. ಪ್ರೆಸ್‌ಮಡ್ಡಿನ ಹುಳಿ ತಿಳಿಯೂ ಬಣ್ಣವುಳ್ಳದ್ದೇ, ಆದ್ದರಿಂದ ಆಮ್ಲವನ್ನು ಪೊರೆಯ ಮೂಲಕ ಸೋಸದೆ ಬೆಳಕಿನ ತೊಟ್ಟಿಗೆ ಬಿಡುವಂತಿಲ್ಲ.

ಇನ್ನೊಂದು ಉಪ್ಪು. ತೊಟ್ಟಿಯನ್ನು ಹಬೆಯಿಂದ ಶುದ್ಧಗೊಳಿಸುವ ಖರ್ಚು ತಪ್ಪಿಸಲು ಮ್ಯಾಂಚೆಸ್ಟರ್ ಗುಂಪು ಹ್ಯಾಲೊಮೊನಾಸ್ ಎಂಬ ಉಪ್ಪುಪ್ರಿಯ ಬ್ಯಾಕ್ಟೀರಿಯಾವನ್ನು ಬಳಸಿತು. ಅತಿ ಉಪ್ಪಿನಲ್ಲಿ ಬೇರೆ ಜೀವಿಗಳು ಸೇರಿಕೊಳ್ಳುವುದಿಲ್ಲ. ಕಡಲ ದಂಡೆಯಲ್ಲಿ ಇದು ಜಾಣತನ, ಸಮುದ್ರದ ನೀರು ತಂದು ಸಮುದ್ರಕ್ಕೇ ಬಿಡಬಹುದು. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಕಾಲುವೆ ನೀರು ಹೆಚ್ಚಾಗಿ ನಿಂತ ಎರೆಹೊಲಗಳು ಈಗಾಗಲೇ ಸವಳಾಗಿವೆ. ಸವದತ್ತಿ, ರಾಮದುರ್ಗಗಳ ರೈತರಿಗೆ ಸವಳೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಲೀಟರಿಗೆ ಹತ್ತಾರು ಗ್ರಾಂ ಉಪ್ಪಿನ ದ್ರಾವಣವನ್ನು ಈ ನೆಲದ ಮೇಲೆ ಚೆಲ್ಲುವ ಯಾವ ಕಾರ್ಖಾನೆಗೂ ಇಲ್ಲಿ ಒಪ್ಪಿಗೆ ಸಿಗಕೂಡದು. ಉಪ್ಪಿಲ್ಲದೆ, ಆಮ್ಲೀಯತೆಯಿಂದಲೇ ಬೇರೆ ಜೀವಿಗಳನ್ನು ದೂರವಿಡುವ, ಅದೇ ಬ್ಯೂಟಿರಿಕ್ ಆಮ್ಲವನ್ನು ತಾಳಿಕೊಳ್ಳುವ ಜೀವಿಯಲ್ಲಿ ಈ ಕಿಣ್ವವನ್ನು ಕೂರಿಸುವುದು ನಮ್ಮ ಒಳನಾಡಿಗೆ ಒಪ್ಪುವ ಸಂಶೋಧನೆ. ವಂಶವಾಹಿ ತಂತ್ರಜ್ಞರು ಕೈ ಹಾಕಬೇಕಾದ್ದು ಇಲ್ಲಿ. ಅದು ನಡೆಯುವ ತೊಟ್ಟಿ ಕಾರ್ಖಾನೆಯ ಆವರಣದೊಳಗೆ ಮುಚ್ಚಿರಬೇಕು, ಹೊರಬರುವ ದ್ರವವನ್ನು ಕಾರ್ಖಾನೆಯ ಉಳಿಕೆ ಹಬೆಯಿಂದಲೇ ಕಾಯಿಸಿ ಜೀವಿಗಳನ್ನು ಕೊಂದು ಬಿಡಬೇಕು. ಹಬೆ, ಪ್ರಯೋಗಾಲಯ, ಪಾಳಿಯ ಮೇಲೆ ದುಡಿಯುವ ಕೆಮಿಸ್ಟರು ಕಾರ್ಖಾನೆಗಳಲ್ಲಿ ಇದ್ದಾರೆ. ಈ ಅನುಕೂಲ ಹಳ್ಳಿಯ ಗುಂಡಿಗೆ ಎಂದೂ ಇರದು.

ಅದಕ್ಕೂ ಮುಂಚೆ ಅಳೆಯಬೇಕಾದದ್ದು ಒಂದಿದೆ, ಅದಕ್ಕೆ ಮಾರ್ಪಡಿಸಿದ ಜೀವಿ ಬೇಡ, ದೊಡ್ಡ ಹಣವೂ ಬೇಡ. ಬರುವ ಹಂಗಾಮಿನಲ್ಲಿ ಹಸಿ ಪ್ರೆಸ್‌ಮಡ್ಡನ್ನು ಪಿಎಚ್ ಐದೂವರೆಯ ಮುಚ್ಚಿದ ಪೀಪಾಯಿಗಳಲ್ಲಿ ಹುಳಿಸಿ, ಬ್ಯೂಟಿರಿಕ್ ಆಮ್ಲ ಎಷ್ಟಾಗುತ್ತದೆ, ಎಷ್ಟು ದಿನಕ್ಕಾಗುತ್ತದೆ, ಅಸಿಟಿಕ್ ಆಮ್ಲಕ್ಕೆ ಅದರ ಪ್ರಮಾಣವೇನು, ಎಂ.ಕೆ. ಹುಬ್ಬಳ್ಳಿಯ ಪ್ರೆಸ್‌ಮಡ್ಡಿಗೂ ಖಾನಪೇಟದ ಪ್ರೆಸ್‌ಮಡ್ಡಿಗೂ ವ್ಯತ್ಯಾಸವೇನು ಎಂದು ಗ್ಯಾಸ್ ಕ್ರೊಮ್ಯಾಟೊಗ್ರಾಫಿನಲ್ಲಿ ನೋಡಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಂಥ ಜಾಗಕ್ಕೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಇದು ತಕ್ಕ ಕೆಲಸ. ತಿಳಿಯಲ್ಲಿ ಬ್ಯೂಟಿರಿಕ್ ಆಮ್ಲ ಲೀಟರಿಗೆ ಹತ್ತು ಗ್ರಾಂ ಮುಟ್ಟಿದರೆ ಅದರಿಂದ ಗರಿಷ್ಠ ಐದು ಗ್ರಾಂ ಪ್ರೋಪೇನ್, ಒಂದು ಸಿಲಿಂಡರಿಗೆ 2,840 ಲೀಟರ್ ತಿಳಿ ಸಾಕು. ನನ್ನ ಅಂದಾಜಿನಲ್ಲಿ ಪೊರೆ, ಬೆಳಕಿನ ತೊಟ್ಟಿಗಳ ಬಗ್ಗೆ ಯೋಚಿಸಲು ಅಷ್ಟಾದರೂ ಬೇಕು. ಮೂರು ನಾಲ್ಕು ಗ್ರಾಂನಲ್ಲೇ ನಿಂತರೆ ಆ ಪ್ರೆಸ್‌ಮಡ್ಡನ್ನು ಮೀಥೇನ್ ತೊಟ್ಟಿಗೇ ಬಿಡಬೇಕು.